ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ, ಅವರ ಬದುಕಿಗೆ ಹೊಂದುವ ಹಾಗೆ ಕನ್ನಡ ಶಾಲೆಯಲ್ಲಿ ಪಾಠ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ತೀರ್ಥಹಳ್ಳಿ ಕಡೆಯವರು, ಆಂಧ್ರದ ಗಡಿಯ ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿ ಶಾಲೆಗೆ ಬಂದು ನಾಲ್ಕು ತಿಂಗಳಾಗಿದೆ. ಮಕ್ಕಳು ನಿಮ್ಮೆದುರು ಬಾಯಿ ಬಿಡುವುದಿಲ್ಲ. ನೀವು ಬೋರ್ಡಿನ ಕಡೆ ತಿರುಗಿದ ಕೂಡಲೇ ತೆಲುಗಿನಲ್ಲಿ ಸಂತೆ ನೆರೆಯುತ್ತದೆ. ಮಕ್ಕಳ ಸಂಸ್ಕೃತಿಗೆ ಸ್ಪಂದಿಸುವ ಬೋಧನೆ ಎಂಬುದರ ಮೇಲೆ ಪರೀಕ್ಷೆಯಲ್ಲಿ ಪ್ರಬಂಧ ಬರೆದು ಅಂಕ ಪಡೆದಿದ್ದೀರಿ, ಆದರೆ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಅದನ್ನು ಏನೆಂದು ಮಾಡಬೇಕೋ ತಿಳಿಯುತ್ತಿಲ್ಲ. ಸಾಲದ್ದಕ್ಕೆ ಮುಖ್ಯಶಿಕ್ಷಕರು ಶಾಲೆಯ ಆವರಣದಲ್ಲಿ ತೆಲುಗು ಕೇಳಿಸಬಾರದು ಎಂದಿದ್ದಾರೆ.

ನಾನೂ ಹೊರಗಿನವನೇ. ತಿಪಟೂರಿನ ತೆಂಗಿನ ತೋಟಗಳ ನಡುವೆ ಬೆಳೆದವನು. ಹದಿನೇಳು ವರ್ಷಗಳಿಂದ ಈ ಗಡಿಯಲ್ಲಿದ್ದೇನೆ, ಮೊದಲು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಈಗ ಚಿಂತಾಮಣಿ ತಾಲ್ಲೂಕಿನಲ್ಲಿ. ಬಂದ ವರ್ಷ ನಾನು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ. ನಾಲ್ಕನೇ ತರಗತಿಗೆ ‘ಕೋಲಾರದಲ್ಲಿ ಚಿನ್ನ ಸಿಗುತ್ತಿತ್ತು, 2001ರಲ್ಲಿ ಗಣಿ ಮುಚ್ಚಿದರು’ ಎಂದು ಹೇಳುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಚಿನ್ನ ಏನು ಸಿಗುತ್ತಿತ್ತು ಸಾರ್?’ ಎಂದು ಕೇಳಿದ. ತಲೆಹರಟೆ ಎಂದುಕೊಂಡು ಗದರಿಸಿ ಕೂರಿಸಿದೆ. ಮಧ್ಯಾಹ್ನ ಬಿಸಿಯೂಟದ ಅಡುಗೆಯವರು ನಗುತ್ತಾ ಬಿಡಿಸಿ ಹೇಳಿದರು: ತೆಲುಗಿನಲ್ಲಿ ಚಿನ್ನ ಎಂದರೆ ಚಿಕ್ಕದು. ಹುಡುಗ ಕೇಳಿದ್ದು ‘ಚಿಕ್ಕದು ಯಾವುದು ಸಿಗುತ್ತಿತ್ತು?’ ಎಂದು. ‘ಬಂಗಾರ’ ಎಂದಿದ್ದರೆ ಅವನಿಗೂ ತಿಳಿಯುತ್ತಿತ್ತು, ಕನ್ನಡವೂ ಕೆಡುತ್ತಿರಲಿಲ್ಲ; ಅದೇ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರೇ ಬಂಗಾರಪೇಟೆ. ಆ ಹುಡುಗ ಆ ವರ್ಷವೆಲ್ಲ ಮತ್ತೆ ಪ್ರಶ್ನೆ ಕೇಳಲಿಲ್ಲ.

ಹಾಗಾಗಿ ನಿಮಗೆ ಮೊದಲ ಸಲಹೆ: ಒಂದು ನೋಟ್‌ಬುಕ್ಕಿನಲ್ಲಿ ಇಂತಹ ಮೋಸಗಾರ ಪದಗಳನ್ನು ಬರೆದಿಡಿ. ತೆಲುಗಿನ ‘ಅಡುಗು’ ಎಂದರೆ ಕೇಳು. ನಮ್ಮ ‘ಅಡಗು’ ಎಂದರೆ ಬಚ್ಚಿಟ್ಟುಕೊಳ್ಳು. ತೆಲುಗಿನ ‘ಇಲ್ಲು’ ಎಂದರೆ ಮನೆ; ಕನ್ನಡದ ‘ಇಲ್ಲ’, ‘ಇಲ್ಲಿ’ ಎರಡೂ ಒಂದನೇ ತರಗತಿಯ ಮಗುವಿನ ಕಿವಿಯಲ್ಲಿ ಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ಒಂದು ತಿಂಗಳಲ್ಲಿ ಮೂವತ್ತು ಪದ ಸಿಗುತ್ತವೆ. ಮಕ್ಕಳು ಏಕೆ ಪಿಳಿಪಿಳಿ ನೋಡುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಇನ್ನು ನನಗೆ ಬಹಳ ಪ್ರಿಯವಾದ ಪಾಠ. ಇದನ್ನು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಐದನೇ ತರಗತಿಯಲ್ಲಿ ಬೋರ್ಡಿನ ಮೇಲೆ ಎರಡು ಕಾಲಂ ಎಳೆದು, ಒಂದರಲ್ಲಿ ‘ಮನೆಯ ಮಾತು’, ಇನ್ನೊಂದರಲ್ಲಿ ‘ಪುಸ್ತಕದ ಮಾತು’ ಎಂದು ಬರೆದೆ. ಹಾಲಿಗೆ ಮನೆಯಲ್ಲಿ ಏನೆನ್ನುತ್ತೀರಿ? ಪಾಲು. ಹುಲಿ? ಪುಲಿ. ಹಾವು? ಪಾಮು. ಹಂದಿ, ಪಂದಿ. ಹಣ್ಣು, ಪಂಡು. ಹೊಗೆ, ಪೊಗ. ಹೊಲ, ಪೊಲಂ. ಹೇನಿಗೆ ಪೇನು ಎಂದಾಗ ಇಡೀ ತರಗತಿ ಪಕ್ಕದವರ ತಲೆ ನೋಡಿಕೊಂಡು ನಕ್ಕಿತು. ನಾನು ಏನೂ ಹೇಳದೆ ಸೀಮೆಸುಣ್ಣ ಹಿಡಿದು ನಿಂತೆ. ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಎಡಗಡೆಯ ಪಕಾರಗಳಿಗೂ ಬಲಗಡೆಯ ಹಕಾರಗಳಿಗೂ ಬೆರಳಿಟ್ಟು ತೋರಿಸಿದಳು. ಅಲ್ಲಿಂದ ಮುಂದೆ ತರಗತಿ ನನ್ನ ಕೈಯಲ್ಲಿರಲಿಲ್ಲ. ಪಲ್ಲೆ ಹಳ್ಳಿಯಾಯಿತು, ಪಗ ಹಗೆಯಾಯಿತು. ಮರುದಿನ ಒಬ್ಬ ಇನ್ನೊಂದು ಸೂತ್ರವನ್ನೇ ಹಿಡಿದುಕೊಂಡು ಬಂದ: ಕಿವಿಗೆ ಚೆವಿ, ಕೈಗೆ ಚೆಯ್ಯಿ, ಕೆರೆಗೆ ಚೆರುವು.

ಆಮೇಲೆ ಶುರುವಾಯಿತು ತಕರಾರು. ‘ಹಾಗಾದರೆ ಪುಸ್ತಕ ಏಕೆ ಹುಸ್ತಕ ಆಗಲಿಲ್ಲ ಸಾರ್?’ ಉಪ್ಪು ಏಕೆ ಉಪ್ಪಾಗಿಯೇ ಉಳಿಯಿತು, ಅಪ್ಪ ಏಕೆ ಅಪ್ಪನೇ? ಸೂತ್ರ ಕಂಡುಹಿಡಿದ ಮಕ್ಕಳೇ ಅಪವಾದವನ್ನು ಹುಡುಕುತ್ತಿದ್ದರು. ಪುಸ್ತಕ ಸಂಸ್ಕೃತದಿಂದ ಬಂದು ಸೇರಿದ ಪದ, ಅದಕ್ಕೆ ಈ ಬದಲಾವಣೆ ತಗುಲಲಿಲ್ಲ. ಉಪ್ಪಿನಲ್ಲಿ ಪಕಾರ ಒತ್ತಿನೊಂದಿಗೆ ಗಟ್ಟಿಯಾಗಿ ಕೂತಿದೆ, ಅದು ಅಲುಗಲಿಲ್ಲ ಎಂದು ವಿವರಿಸಿದೆ. ಕೊನೆಗೆ ಗುಟ್ಟು ಬಿಟ್ಟುಕೊಟ್ಟೆ: ಸಾವಿರ ವರ್ಷಗಳ ಹಿಂದೆ, ಪಂಪನ ಕಾಲದಲ್ಲಿ, ಕನ್ನಡದವರೂ ಪಾಲ್, ಪುಲಿ, ಪಾವು ಎಂದೇ ಅನ್ನುತ್ತಿದ್ದರು. ನಿಮ್ಮ ಅಜ್ಜಿಯ ಬಾಯಲ್ಲಿರುವ ಪಕಾರ ನಮ್ಮ ಪುಸ್ತಕದ ಹಕಾರಕ್ಕಿಂತ ಹಳೆಯದು. ಅಂದು ಪ್ರೌಢಶಾಲೆಯಲ್ಲಿ ಹಳಗನ್ನಡ ಓದಲು ಒದ್ದಾಡುವ ನನ್ನ ಸ್ವಂತ ಮಗನ ನೆನಪಾಯಿತು. ಈ ಮಕ್ಕಳಿಗೆ ಆ ಕಷ್ಟ ಸ್ವಲ್ಪ ಕಡಿಮೆಯೇ ಇರಬಹುದು.

ನಿಮ್ಮ ಮುಖ್ಯಶಿಕ್ಷಕರ ವಿಷಯ. ಅವರ ಭಯ ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ. ಗಡಿಯಲ್ಲಿ ಕನ್ನಡ ಶಾಲೆ ನಡೆಸುವವರಿಗೆ ಒಂದು ಆತಂಕ ಇದ್ದೇ ಇರುತ್ತದೆ. ಜಗಳಕ್ಕೆ ಹೋಗಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮನೆಯ ಭಾಷೆ ಬೇರೆಯಿರುವ ಮಕ್ಕಳಿಗೆ ಎರಡೂ ಭಾಷೆ ಬಳಸಿ ಕಲಿಸಿ ಎನ್ನುತ್ತದೆ; 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಶಾಲೆಯ ಹೊರಗಿನ ಬದುಕಿಗೆ ಪಾಠವನ್ನು ಜೋಡಿಸಿ ಎಂದಿತ್ತು. ಆದರೆ ಸುತ್ತೋಲೆ ತೋರಿಸಿ ಯಾರ ಮನಸ್ಸನ್ನೂ ತಿರುಗಿಸಿದ್ದನ್ನು ನಾನು ಕಂಡಿಲ್ಲ. ಮಾಸ್ತಿಯವರ ಹೆಸರು ಹೇಳಿ. ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರು, ಮನೆಮಾತು ತಮಿಳು, 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರವಣಿಗೆಗೆ. ಸಂತಕವಿ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಅವರ ಮಠಕ್ಕೆ ಹೋಗುವ ಯಾರೂ ಬಾಗಿಲಲ್ಲಿ ಭಾಷೆ ಕೇಳುವುದಿಲ್ಲ.

‘ಸಂಸ್ಕೃತಿಗೆ ಸ್ಪಂದಿಸುವ ಬೋಧನೆ’ ಎಂಬ ಹೆಸರು ಎಲ್ಲಿಂದ ಬಂತು ಎಂಬುದನ್ನೂ ಸ್ವಲ್ಪ ತಿಳಿದಿರಬೇಕು, ಇಲ್ಲದಿದ್ದರೆ ಅದು ನವೆಂಬರ್ ಒಂದರ ಛದ್ಮವೇಷವಾಗಿ ಮುಗಿಯುತ್ತದೆ. ಅಮೆರಿಕದಲ್ಲಿ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಎಂಬುವರು ಕರಿಯ ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಿದ್ದ ಶಿಕ್ಷಕರ ತರಗತಿಗಳಲ್ಲಿ ಕೂತು ನೋಡಿ, 1990ರ ದಶಕದ ನಡುವಿನಲ್ಲಿ ಮೂರು ಮಾತು ಹೇಳಿದರು: ಮಗು ನಿಜವಾಗಿ ಕಲಿಯಬೇಕು, ಕಲಿಯುವುದಕ್ಕಾಗಿ ತನ್ನ ಮನೆಯ ಸಂಸ್ಕೃತಿಯನ್ನು ಹೊರಗೆ ಬಿಟ್ಟು ಬರುವಂತಾಗಬಾರದು, ಜಗತ್ತು ಹೀಗೇಕಿದೆ ಎಂದು ಕೇಳುವ ಶಕ್ತಿ ಬರಬೇಕು. ಜನೀವಾ ಗೇ ಎಂಬುವರ ಪುಸ್ತಕ ಬಂದದ್ದು 2000ದಲ್ಲಿ. ನೀವು ಪರೀಕ್ಷೆಗೆ ಓದಿದ ಹೆಸರು ಬಹುತೇಕ ಅಲ್ಲಿಯದು. ಅರಿಜೋನಾದ ಟೂಸಾನಿನಲ್ಲಿ ಲೂಯಿಸ್ ಮೋಲ್ ಮತ್ತು ಜೊತೆಗಾರರು ಶಿಕ್ಷಕರನ್ನೇ ಮೆಕ್ಸಿಕನ್ ಮೂಲದ ಮಕ್ಕಳ ಮನೆಗಳಿಗೆ ಕಳುಹಿಸಿದರು. ಪಾಠ ಹೇಳುವುದಕ್ಕಲ್ಲ, ಆ ಮನೆಯವರಿಗೆ ಏನೇನು ಗೊತ್ತಿದೆ ಎಂದು ತಿಳಿಯುವುದಕ್ಕೆ.

ಲ್ಯಾಡ್ಸನ್-ಬಿಲ್ಲಿಂಗ್ಸ್ ಹೇಳಿದ ಮೂರು ಮಾತುಗಳಲ್ಲಿ ಮೊದಲನೆಯದನ್ನು, ಮಗು ನಿಜವಾಗಿ ಕಲಿಯಬೇಕು ಎಂಬುದನ್ನು, ನಮ್ಮವರು ಮರೆಯುತ್ತಾರೆ. ಹಿಂದೊಮ್ಮೆ ನನ್ನ ಜೊತೆ ಇದ್ದ ಶಿಕ್ಷಕರೊಬ್ಬರು ಇದೇ ಊರಿನ ಕಡೆಯವರು, ಎಲ್ಲವನ್ನೂ ತೆಲುಗಿನಲ್ಲೇ ಹೇಳಿ ಮುಗಿಸುತ್ತಿದ್ದರು. ಮಕ್ಕಳಿಗೆ ಅವರೆಂದರೆ ಪ್ರಾಣ. ಆದರೆ ಐದನೇ ತರಗತಿ ಮುಗಿದಾಗ ಆ ಮಕ್ಕಳಿಗೆ ಕನ್ನಡದ ಒಂದು ಪುಟ ತಡವರಿಸದೆ ಓದಲು ಬರುತ್ತಿರಲಿಲ್ಲ, ತೆಲುಗು ಅಕ್ಷರವಂತೂ ಗೊತ್ತೇ ಇಲ್ಲ. ಅದು ಪ್ರೀತಿಯ ಹೆಸರಿನ ಸೋಮಾರಿತನ. ಆಟಪಾಟಗಳ ಮೂಲಕ ಕಲಿಸುವ ನಲಿಕಲಿಯಲ್ಲಾದರೂ ಅಷ್ಟೇ: 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಆ ಕ್ರಮಕ್ಕೆ ಪ್ರೇರಣೆ ನಮ್ಮ ಗಡಿಯಾಚೆಯ ಮದನಪಲ್ಲಿಯ ರಿಷಿವ್ಯಾಲಿ ಶಾಲೆ. ಹಾಡು, ಕಾರ್ಡು ಎಷ್ಟಿದ್ದರೂ ಕಲಿಕಾ ಏಣಿಯಲ್ಲಿ ಮಗು ಮೇಲಿನ ಮೆಟ್ಟಿಲಿಗೆ ಏರಲೇಬೇಕು.

ವಿಜ್ಞಾನಕ್ಕೆ ರೇಷ್ಮೆ ಇದೆ, ಅದನ್ನು ಬಿಡಬೇಡಿ. ಚಿಟ್ಟೆಯ ಜೀವನಚಕ್ರ ಪಾಠ ಮಾಡುವಾಗ ನಮ್ಮ ಮಕ್ಕಳು ಹುಳು ಪೊರೆ ಬಿಡುವುದಕ್ಕೆ ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರ ಮುಗಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುತ್ತಾರೆ, ಅದು ಗೂಡು ಕಟ್ಟುತ್ತದೆ. ಮಕ್ಕಳು ಜ್ವರ ಎಂದಾಗ ತಿದ್ದಬೇಡಿ. ‘ಪೊರೆ ಬಿಡುವುದು’ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಹುಳುಮನೆ ನೋಡಬೇಕೆಂದು ಆಸೆಯಾದರೆ ಯಾರ ಮನೆಗೂ ನುಗ್ಗಬೇಡಿ, ರೋಗ ತಗುಲೀತೆಂದು ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನಾನು ಹೀಗೆ ಹೋಗಿ ಅಂಗಳದಿಂದಲೇ ಮಜ್ಜಿಗೆ ಕುಡಿದು ಬಂದಿದ್ದೇನೆ.

ಈಗ ಹೇಳಲು ಕಷ್ಟವಾದದ್ದು. ಶ್ರೀನಿವಾಸಪುರದ ಕಡೆ ಇದ್ದಾಗ, ಮಕ್ಕಳ ಬದುಕನ್ನು ತರಗತಿಗೆ ತರುವ ಹುಮ್ಮಸ್ಸಿನಲ್ಲಿ ಊರಿನ ನಕ್ಷೆ ಬಿಡಿಸಿರಿ, ನಿಮ್ಮ ನಿಮ್ಮ ಮನೆ ಗುರುತಿಸಿರಿ ಎಂದೆ. ದೊಡ್ಡ ಡ್ರಾಯಿಂಗ್ ಹಾಳೆ, ನಾಲ್ಕು ಗುಂಪು. ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗಿ ತನ್ನ ಮನೆಯನ್ನು ಆಂಜನೇಯನ ಗುಡಿಯ ಪಕ್ಕ ಬಿಡಿಸಿದಳು. ಹೆಂಚಿನ ಮನೆ, ಮುಂದೆ ತುಳಸಿಕಟ್ಟೆ, ಅದಕ್ಕೆ ಹಸಿರು ಬಣ್ಣ. ಅವಳ ಮನೆ ಕೆರೆ ಏರಿಯಾಚೆ ಕಾಲೋನಿಯಲ್ಲಿದೆ ಎಂದು ನನಗೆ ಗೊತ್ತಿತ್ತು, ಗುಂಪಿನ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಒಬ್ಬ ಹುಡುಗ ರಬ್ಬರ್ ತೆಗೆದುಕೊಂಡು ಅದನ್ನು ಉಜ್ಜತೊಡಗಿದ. ಅವಳು ತಡೆಯಲಿಲ್ಲ. ಹಾಳೆಯಲ್ಲಿ ಕಾಲೋನಿಗೆ ಜಾಗವೇ ಉಳಿದಿರಲಿಲ್ಲ. ಮಕ್ಕಳು ಗುಡಿ, ಅರಳಿಕಟ್ಟೆ, ಹಾಲಿನ ಡೈರಿ ಎಂದು ಬಿಡಿಸಿಕೊಂಡು ಬಂದು ಕೆರೆ ಏರಿಗೆ ನಿಲ್ಲಿಸಿದ್ದರು. ನಾನು ಗಂಟೆ ಹೊಡೆಯಿತೆಂದು ಹಾಳೆ ಮಡಿಸಿಟ್ಟೆ.

ಅಮೆರಿಕದ ಪುಸ್ತಕದಲ್ಲಿ ‘ಮನೆಯ ಸಂಸ್ಕೃತಿಯನ್ನು ತರಗತಿಗೆ ತನ್ನಿ’ ಎಂದಿರುವುದನ್ನು ನಮ್ಮಲ್ಲಿ ಹಾಗೇ ಮಾಡಿದರೆ ಮಗುವಿನ ಜಾತಿಯನ್ನು ಎಲ್ಲರೆದುರು ಬಿಚ್ಚಿಟ್ಟ ಹಾಗಾಗುತ್ತದೆ. ನಿನ್ನೆ ಮನೆಯಲ್ಲಿ ಏನಡುಗೆ, ಅಪ್ಪ ಏನು ಮಾಡುತ್ತಾರೆ, ಯಾವ ದೇವರ ಒಕ್ಕಲು: ಇವೆಲ್ಲ ನಮ್ಮ ಊರುಗಳಲ್ಲಿ ಬರೀ ಕುತೂಹಲದ ಪ್ರಶ್ನೆಗಳಲ್ಲ. ಆಮೇಲಿಂದ ನಾನು ಯಾವ ಮಗುವನ್ನೂ ಅದರ ಮನೆಯ ವಿಷಯ ಕೇಳುವುದಿಲ್ಲ. ನಾನೇ ಹೋಗಿ ತಿಳಿದುಕೊಳ್ಳುತ್ತೇನೆ, ತಿಳಿದದ್ದನ್ನು ಯಾರ ಹೆಸರೂ ಅಂಟಿಸದೆ ಪಾಠಕ್ಕೆ ತರುತ್ತೇನೆ.

ನಕ್ಷೆಯನ್ನು ಈಗಲೂ ಬಿಡಿಸುತ್ತೇವೆ, ಕೆರೆಯಿಂದ ಆರಂಭಿಸಿ. ಹಾಳೆಯ ನಟ್ಟನಡುವೆ ಕೆರೆ. ಅದಕ್ಕೆ ಏರಿ, ತೂಬು, ಕೋಡಿ, ಅಚ್ಚುಕಟ್ಟು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿದರೆ ಏರಿಯ ಎರಡೂ ಬದಿ ತಾನಾಗಿ ಬರುತ್ತದೆ. ಯಾರ ಮನೆಯನ್ನೂ ಬಿಡಿಸುವುದಿಲ್ಲ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಕಡೆಯ ಕೆರೆಗಳಿಗೆ ಬರುತ್ತಿರುವುದರಿಂದ ಪಾಠ ಬಾಣದ ಗುರುತು ಹಿಡಿದು ಬೆಂಗಳೂರಿನವರೆಗೂ ಹೋಗುತ್ತದೆ. ಒಂದು ಎಚ್ಚರಿಕೆ: ನಮ್ಮೂರಿನಲ್ಲಿ ತೂಬು ಎತ್ತುವ ನೀರಗಂಟಿ ಕೆಲಸ ಒಂದೇ ಕೇರಿಯವರಿಗೆ ಅಂಟಿಕೊಂಡು ಬಂದದ್ದು. ಅವರಿಗೆ ಗೊತ್ತಿರುವ ನೀರಿನ ಲೆಕ್ಕ ನನಗೆ ಗೊತ್ತಿಲ್ಲ, ಅದನ್ನು ತರಗತಿಯಲ್ಲಿ ಗೌರವದಿಂದ ಹೇಳುತ್ತೇನೆ. ಆದರೆ ಆ ಕೇರಿಯ ಮಗುವಿನ ಕಡೆ ನೋಡಿ ‘ಇದು ನಿಮ್ಮ ಪರಂಪರೆ’ ಎನ್ನುವುದಿಲ್ಲ. ಆ ಮಗು ಎಂಜಿನಿಯರ್ ಆಗಲು ಶಾಲೆಗೆ ಬಂದಿದೆ.

ಮೂರನೆಯ ಮಾತು, ಜಗತ್ತು ಹೀಗೇಕಿದೆ ಎಂದು ಕೇಳುವುದು, ನಮಗೆ ಟೊಮೆಟೊದಲ್ಲಿ ಸಿಕ್ಕಿತು. ಹದಿನೈದು ಕಿಲೋ ಬಾಕ್ಸಿನ ಲೆಕ್ಕ ಇಲ್ಲಿನ ಮಕ್ಕಳಿಗೆ ಬಾಯಿಪಾಠ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸಿನ ಬೆಲೆ 2000 ರೂಪಾಯಿ ದಾಟಿದಾಗ ಗುಣಾಕಾರ, ಶೇಕಡಾ, ಲಾಭನಷ್ಟ ಎಲ್ಲವನ್ನೂ ಅದರಲ್ಲೇ ಮಾಡಿದೆವು: ಕೀಳುವ ಕೂಲಿ, ಟೆಂಪೋ ಬಾಡಿಗೆ, ಮಂಡಿಯ ಕಮಿಷನ್. ಬೋರ್ಡು ತುಂಬಿದ ಮೇಲೆ ಒಬ್ಬಳು ಕೇಳಿದಳು: ‘ಬಾಕ್ಸು ಇನ್ನೂರರಿಂದ ಎರಡು ಸಾವಿರ ಆಯಿತಲ್ಲ ಸಾರ್, ಕೂಲಿಯ ಸಾಲಿನಲ್ಲಿ ಮಾತ್ರ ಅದೇ ಅಂಕಿ ಏಕಿದೆ?’ ಯಾರ ಅಮ್ಮ ಕೀಳಲು ಹೋಗುತ್ತಾರೆ ಎಂದು ನಾನು ಕೇಳಲಿಲ್ಲ. ಎರಡೂ ಅಂಕಿಗಳಿಗೆ ಅನುಪಾತ ಹಾಕಿ ನೋಡಿರಿ ಎಂದೆ, ಆ ಅವಧಿ ಅದರಲ್ಲೇ ಮುಗಿಯಿತು.

ನೀವು ಸೋಮವಾರ ಏನು ಮಾಡಬೇಕು ಎಂದು ಕೇಳಿದ್ದಿರಿ. ಹಾಲು, ಹುಲಿ, ಹಾವುಗಳಿಂದ ಆರಂಭಿಸಿ. ಅದಕ್ಕೆ ಎರಡು ಬಣ್ಣದ ಸೀಮೆಸುಣ್ಣ ಸಾಕು. ಹೇನನ್ನು ಕೊನೆಗೆ ಇಟ್ಟುಕೊಳ್ಳಿ, ಅದಾದ ಮೇಲೆ ಹತ್ತು ನಿಮಿಷ ಪಾಠ ಸಾಗುವುದಿಲ್ಲ.