ಧ್ವನಿ ಕೇಳುತ್ತದೆ, ಚಿತ್ರ ಕಾಣುವುದಿಲ್ಲ: ಯಾವ ಕೋಡೆಕ್ ಪ್ಯಾಕ್ ಹಾಕಲಿ?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಅಕ್ಕನ ಸೀಮಂತವನ್ನು ಭಾವ ತಮ್ಮ ಐಫೋನ್‌ನಲ್ಲಿ 4ಕೆ ಗುಣಮಟ್ಟದಲ್ಲಿ ತೆಗೆದಿದ್ದಾರೆ. ಅದನ್ನು ನಿಮ್ಮ ವಿಂಡೋಸ್ 10 ಲ್ಯಾಪ್‌ಟಾಪ್‌ಗೆ ಹಾಕಿಕೊಂಡರೆ ಆರತಿಯ ಹಾಡು ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. ಯಾವ ಕೋಡೆಕ್ ಪ್ಯಾಕ್, ಅಂದರೆ ವಿಡಿಯೋ ಬಿಚ್ಚುವ ತಂತ್ರಾಂಶಗಳ ಯಾವ ಕಟ್ಟು, ಇಳಿಸಿಕೊಳ್ಳಬೇಕು ಎಂದು ಕೇಳಿದ್ದೀರಿ.

ಸದ್ಯಕ್ಕೆ ಯಾವುದೂ ಬೇಡ. ಮೊದಲು ಕಡತದೊಳಗೆ ಏನಿದೆ ಎಂದು ನೋಡಿ. ನಾನು ಮದುವೆ, ಗೃಹಪ್ರವೇಶಗಳ ವಿಡಿಯೋ ಸಂಕಲನ ಮಾಡುವವನು. ಗ್ರಾಹಕರಿಂದ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು, ಮತ್ತು ಹೆಚ್ಚಿನವರು ನನ್ನ ಬಳಿ ಬರುವ ಹೊತ್ತಿಗೆ ಯಾವುದೋ ಒಂದು ಪ್ಯಾಕ್ ತುಂಬಿಕೊಂಡು ಕುಳಿತಿರುತ್ತಾರೆ.

ಕಡತದ ಹೆಸರಿನ ಕೊನೆಯಲ್ಲಿ ಕಾಣುವ ಎಂಪಿ4, ಎಂಕೆವಿ, ಎಂಒವಿ ಎಂಬುವು ಬರೀ ಡಬ್ಬಿಯ ಹೆಸರುಗಳು. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇರುವುದು ನಮ್ಮ ಅಡುಗೆಮನೆಗಳಲ್ಲಿ ಹೊಸದಲ್ಲವಷ್ಟೆ. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಒತ್ತಿ ಕುಗ್ಗಿಸಿದ್ದಾರೆ ಎನ್ನುವುದೇ ಕೋಡೆಕ್. ಎಷ್ಟು ಕುಗ್ಗಿಸುತ್ತಾರೆ ಎಂದು ಲೆಕ್ಕ ಹಾಕಿ ನೋಡಿ: 3840×2160 ಚುಕ್ಕೆಗಳ ಚಿತ್ರ ಸೆಕೆಂಡಿಗೆ 30ರಂತೆ ಬಂದರೆ, ಕುಗ್ಗಿಸದ ಸಾಧಾರಣ ರೂಪದಲ್ಲಿ ಒಂದು ನಿಮಿಷಕ್ಕೆ ಸುಮಾರು 22 ಜಿಬಿ ಬೇಕು. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಅದೇ ಒಂದು ನಿಮಿಷಕ್ಕೆ 170 ಎಂಬಿ ಎಂದು ಬರೆದಿದೆ. ಇಷ್ಟು ಬಿಗಿಯಾಗಿ ಕಟ್ಟಿದ ಗಂಟನ್ನು ಬಿಚ್ಚಲು ನಿಮ್ಮ ಪ್ಲೇಯರ್‌ಗೆ ಅದೇ ವಿದ್ಯೆ ಗೊತ್ತಿರಬೇಕು.

ಒಳಗೇನಿದೆ ಎಂದು ನೋಡಲು ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಹಾಕಿಕೊಳ್ಳಿ. ಕಡತವನ್ನು ಅದರಲ್ಲಿ ತೆರೆದು ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅಲ್ಲಿ ಕೋಡೆಕ್ ಎಂಬ ಸಾಲಿನ ಮುಂದೆ ಎಚ್.264 ಎಂದಿದೆಯೋ, ಎಚ್‌ಇವಿಸಿ ಅಥವಾ ಎಚ್.265 ಎಂದಿದೆಯೋ ನೋಡಿ. ರೆಸಲ್ಯೂಶನ್, ಫ್ರೇಮ್ ದರ ಕೂಡ ಅಲ್ಲೇ ಸಿಗುತ್ತವೆ. ನಿಮ್ಮದು ಎಚ್‌ಇವಿಸಿ ಎಂದೇ ನನ್ನ ಅಂದಾಜು.

ಕಾರಣ ಇದು. ಎಚ್.264 ಬಂದದ್ದು 2003ರಲ್ಲಿ. 2009ರ ವಿಂಡೋಸ್ 7ರಿಂದಲೇ ಅದು ವಿಂಡೋಸ್‌ನ ಸ್ವಂತ ಪ್ಲೇಯರ್‌ನಲ್ಲಿ ಓಡುತ್ತದೆ. 2013ರಲ್ಲಿ ಬಂದ ಎಚ್‌ಇವಿಸಿ ಹೆಚ್ಚು ಕಡಿಮೆ ಅದೇ ಗುಣಮಟ್ಟವನ್ನು ಅರ್ಧ ಜಾಗದಲ್ಲಿ ಹಿಡಿಸುತ್ತದೆ, ಹಾಗಾಗಿ 2017ರಿಂದ ಐಫೋನ್‌ಗಳು ಅದನ್ನೇ ಬಳಸುತ್ತಿವೆ. ಆದರೆ ಅದರ ಪೇಟೆಂಟ್ ಶುಲ್ಕ ವಸೂಲಿಗೆ ಒಂದಲ್ಲ, ಹಲವು ಗುಂಪುಗಳು ಕೈಯೊಡ್ಡಿ ನಿಂತಿವೆ. ಮೈಕ್ರೋಸಾಫ್ಟ್ ಅದೇ 2017ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಎಚ್‌ಇವಿಸಿಯನ್ನು ಬೇರ್ಪಡಿಸಿ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಷನ್ಸ್ ಎಂಬ ಹೆಸರಿನಲ್ಲಿ ಸಣ್ಣ ಬೆಲೆಗೆ ಇಟ್ಟಿದೆ. ಫೋನು ಕೊಳ್ಳುವಾಗಲೂ ಕೊಟ್ಟು, ನೋಡುವಾಗಲೂ ಕೊಡಬೇಕೆ ಎಂದು ನಿಮಗೆ ಅನ್ನಿಸಿದರೆ ನಾನು ನಿಮ್ಮ ಪಕ್ಷವೇ.

ವಿಂಡೋಸ್‌ನದೇ ಮೂವೀಸ್ ಅಂಡ್ ಟಿವಿ, ಫೋಟೋಸ್ ಆ್ಯಪ್‌ಗಳಲ್ಲೇ ನೋಡಬೇಕು ಎಂದಿದ್ದರೆ ಆ ಎಕ್ಸ್‌ಟೆನ್ಷನ್ ಕೊಳ್ಳಿ. ಕೊಳ್ಳುವ ಮುನ್ನ ಪ್ರಕಾಶಕರ ಹೆಸರು ಮೈಕ್ರೋಸಾಫ್ಟ್ ಕಾರ್ಪೊರೇಷನ್ ಎಂದೇ ಇದೆಯೇ ನೋಡಿಕೊಳ್ಳಿ. ಅಂಥ ಹಟವಿಲ್ಲದಿದ್ದರೆ ಈಗಾಗಲೇ ಹಾಕಿಕೊಂಡ ವಿಎಲ್‌ಸಿಯೇ ಸಾಕು. ಅದು ಬಿಚ್ಚುವ ವಿದ್ಯೆಗಳನ್ನೆಲ್ಲ ತನ್ನೊಳಗೇ ಹೊತ್ತುಕೊಂಡು ಬರುತ್ತದೆ, ವಿಂಡೋಸ್‌ನ ಮುಖ ನೋಡುವುದಿಲ್ಲ. 1996ರಲ್ಲಿ ಫ್ರಾನ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು, ಇಂದಿಗೂ ಉಚಿತ. ಇಳಿಸಿಕೊಳ್ಳುವಾಗ ವಿಡಿಯೋಲ್ಯಾನ್ ಸಂಸ್ಥೆಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 2022ರಲ್ಲಿ ಆ ತಾಣವನ್ನು ಭಾರತದಲ್ಲಿ ಕೆಲವು ತಿಂಗಳು ನಿರ್ಬಂಧಿಸಿದ್ದರು, ಆ ನವೆಂಬರ್‌ನಲ್ಲಿ ತೆರವಾಯಿತು. ಆದ್ದರಿಂದ 'ಇಲ್ಲಿ ವಿಎಲ್‌ಸಿ ಸಿಗುವುದಿಲ್ಲ, ನಮ್ಮ ಲಿಂಕ್ ಒತ್ತಿ' ಎನ್ನುವವರನ್ನು ನಂಬಬೇಡಿ.

ಇನ್ನು ಕೋಡೆಕ್ ಪ್ಯಾಕ್‌ಗಳ ವಿಷಯ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅವಕ್ಕೆ ಅರ್ಥವಿತ್ತು. ವಿಡಿಯೋ ಓಡಿಸಲು ವಿಂಡೋಸ್ ಆಗ ಬಳಸುತ್ತಿದ್ದ ಡೈರೆಕ್ಟ್‌ಷೋ ವ್ಯವಸ್ಥೆಯಲ್ಲಿ ಪ್ರತಿಯೊಂದು ಬಿಚ್ಚುವ ತಂತ್ರಾಂಶಕ್ಕೂ ಅರ್ಹತೆಯ ಅಂಕವೊಂದು ಇರುತ್ತದೆ, ಹೆಚ್ಚು ಅಂಕದ್ದಕ್ಕೆ ಮೊದಲ ಕರೆ. ಎರಡು ಮೂರು ಪ್ಯಾಕ್ ತುಂಬಿದರೆ ಯಾವುದು ಮುಂದೆ ನುಗ್ಗುತ್ತದೆಯೋ ಬ್ರಹ್ಮನಿಗೂ ತಿಳಿಯದು. ನಿನ್ನೆ ಚೆನ್ನಾಗಿ ಓಡುತ್ತಿದ್ದ ವಿಡಿಯೋ ಇಂದು ತಲೆಕೆಳಗಾಗಿ ಕಾಣುತ್ತದೆ. ಕೆ-ಲೈಟ್‌ನಂಥ ಮರ್ಯಾದಸ್ಥ ಪ್ಯಾಕ್ ಇಲ್ಲವೆಂದಲ್ಲ. ಆದರೆ ಮೂವೀಸ್ ಅಂಡ್ ಟಿವಿ ಆ ಡೈರೆಕ್ಟ್‌ಷೋ ದಾರಿಯಲ್ಲಿ ಹೋಗುವುದೇ ಇಲ್ಲ, ಹಾಗಾಗಿ ಪ್ಯಾಕ್ ಹಾಕಿದರೂ ನಿಮ್ಮ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅಪರಿಚಿತ ತಾಣಗಳ ಪ್ಯಾಕ್‌ಗಳ ಹತ್ತಿರವಂತೂ ಸುಳಿಯಬೇಡಿ. ಜ್ಲೋಬ್ ಎಂಬ ಕುತಂತ್ರಾಂಶ 2005ರ ಹೊತ್ತಿಗೇ ವಿಡಿಯೋ ಕೋಡೆಕ್ ವೇಷದಲ್ಲಿ ಕಂಪ್ಯೂಟರ್‌ಗಳಿಗೆ ನುಗ್ಗುತ್ತಿತ್ತು.

ವಿಎಲ್‌ಸಿಯಲ್ಲಿ ಚಿತ್ರ ಬಂತು, ಆದರೆ ತಡವರಿಸುತ್ತಿದೆ ಎಂದಾದರೆ ಅದು ಬೇರೆ ರೋಗ. ಬೆಂಬಲ ಇದೆ, ಬಲ ಇಲ್ಲ. ಎಚ್‌ಇವಿಸಿಯನ್ನು ಪೂರ್ತಿಯಾಗಿ ಚಿಪ್‌ನಲ್ಲೇ ಬಿಚ್ಚುವ ಏರ್ಪಾಡು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಂದದ್ದು 2015ರ 6ನೇ ತಲೆಮಾರಿನಿಂದ. ಹೊಸ ಐಫೋನ್‌ಗಳ ಎಚ್‌ಡಿಆರ್ (ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ) ವಿಡಿಯೋಗೆ ಬೇಕಾದ 10 ಬಿಟ್ ರೂಪಕ್ಕೆ 7ನೇ ತಲೆಮಾರು ಬೇಕು. ಪರೀಕ್ಷಿಸುವುದು ಸುಲಭ. ವಿಡಿಯೋ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು ಮೇಲೆ ಒತ್ತಿ, ವಿಡಿಯೋ ಡಿಕೋಡ್ ಎಂಬ ಗೆರೆಯನ್ನು ನೋಡಿ. ಅದು ಮೇಲೇಳದೆ ಸೊನ್ನೆಯಲ್ಲೇ ಮಲಗಿದ್ದು, ಸಿಪಿಯು ಮಾತ್ರ ನೂರರ ಹತ್ತಿರ ಏದುಸಿರು ಬಿಡುತ್ತಿದ್ದರೆ ಯಾವ ಪ್ಲೇಯರ್ ಬದಲಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಆಗ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 1080ಪಿ, ಎಚ್.264 ಪ್ರತಿಯೊಂದನ್ನು ಮಾಡಿಕೊಳ್ಳಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಮರುಕುಗ್ಗಿಸಿದಾಗಲೆಲ್ಲ ಒಂದಿಷ್ಟು ವಿವರ ಸೋರಿ ಹೋಗುತ್ತದೆ. ನಾನು ಮನೆಯವರಿಗೆ ಕೊಡುವ ಪೆನ್‌ಡ್ರೈವ್‌ನಲ್ಲಿ ಇದೇ ಎಚ್.264 ಇರುತ್ತದೆ, ಏಕೆಂದರೆ ಹಳ್ಳಿಮನೆಯ ಹಳೆಯ ಟಿವಿಯಲ್ಲೂ ಅದು ಓಡಬೇಕು. (ಅಂದ ಹಾಗೆ, ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ 4 ಜಿಬಿ ಮೀರಿದ ಒಂದೇ ಕಡತವನ್ನು ಒಪ್ಪುವುದಿಲ್ಲ. ಅದಕ್ಕೂ ಕೋಡೆಕ್‌ಗೂ ಸಂಬಂಧವಿಲ್ಲ.)

ಮುಂದೆ ನಾಮಕರಣ ಬರುತ್ತದಲ್ಲ, ಅಷ್ಟರೊಳಗೆ ಭಾವನ ಫೋನ್‌ನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ತೆರೆದು ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಆರಿಸಿ. ಆಮೇಲೆ ತೆಗೆದದ್ದು ಎಚ್.264ನಲ್ಲಿ ಬರುತ್ತದೆ, ಜಾಗ ಮಾತ್ರ ಹೆಚ್ಚು ನುಂಗುತ್ತದೆ; ಸೆಕೆಂಡಿಗೆ 60 ಫ್ರೇಮ್‌ಗಳ 4ಕೆ ಆಯ್ಕೆಯೂ ಕೈಬಿಡುತ್ತದೆ. ಇಷ್ಟಾದ ಮೇಲೂ ಸರಿಹೋಗದಿದ್ದರೆ ಆ ಕೋಡೆಕ್ ಸಾಲನ್ನೂ ನಿಮ್ಮ ಪ್ರೊಸೆಸರ್‌ನ ಪೂರ್ಣ ಹೆಸರನ್ನೂ ಇಲ್ಲಿ ಬರೆಯಿರಿ, ನೋಡುತ್ತೇನೆ.