ಸಂಪಾದಕರ ಉತ್ತರ: ಹೆಸರು ಹಚ್ಚಿದವರ ಲೆಕ್ಕ

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ನಮ್ಮೂರಿನ ಹಳೆಯ ಹೆಣ್ಣುಮಕ್ಕಳ ಶಾಲೆಯ ಬಗ್ಗೆ ಆರು ಪುಟ ಬರೆದಿದ್ದೀರಿ. ನಿಜಾಮರ ಕಾಲ, ಪರದೆ ಕಟ್ಟಿದ ಬಂಡಿ, ಕಲ್ಲಿನ ಕಮಾನು ಎಲ್ಲವೂ ಇವೆ. ಈಗ ಅಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಎಷ್ಟು ಎಂಬುದು ಮಾತ್ರ ಒಂದು ಸಾಲಿನಲ್ಲೂ ಇಲ್ಲ. ನನ್ನ ತಾಯಿ ಅಲ್ಲಿ ಓದಿದವರು. ಮೊಮ್ಮಗಳನ್ನು ಎಂಟನೆಯ ತರಗತಿಗೆ ಎಲ್ಲಿ ಸೇರಿಸಬೇಕೆಂದು ಮನೆಯಲ್ಲಿ ಚರ್ಚೆ ನಡೆದಿದೆ. ಇತಿಹಾಸಕ್ಕೆ ಅಂಕ ಕೊಡುವವರು ಯಾರು? ಮಟ್ಟ ಬಿದ್ದಿದ್ದರೆ ಬಿದ್ದಿದೆ ಎಂದು ಬರೆಯಿರಿ. ಹಳೆಯ ಗೋಡೆಗೆ ಹೊಸ ಸುಣ್ಣ ಬಳಿಯಬೇಡಿ.’ (ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ)

ಮಾನ್ಯರೇ,

ನಿಮಗೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಫಲಿತಾಂಶ ಬರೆಯದೆ ಬಿಟ್ಟದ್ದು ನಮ್ಮ ತಪ್ಪು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆಯದಾಯಿತು. ನೆರೆಯವರನ್ನು ನೋಡಿ ನಾವು ನಗುವಷ್ಟರಲ್ಲಿ 2025ರಲ್ಲಿ ಆ ಜಾಗಕ್ಕೆ ಕಲಬುರಗಿಯೇ ಬಂದು ಕುಳಿತಿತು, ಶೇಕಡಾ 42.43ರೊಂದಿಗೆ. ಇಂಥ ಊರಿನಲ್ಲಿ ಮೊಮ್ಮಗಳ ಹೆಸರು ಹಚ್ಚಲು ಹೊರಟ ಅಜ್ಜ ಅಂಕಿಸಂಖ್ಯೆ ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಇಷ್ಟನ್ನು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ಇತಿಹಾಸಕ್ಕೆ ಅಂಕ ಕೊಡುವವರು ಯಾರು ಎಂದು ಕೇಳಿದ್ದೀರಿ. ಬ್ಯಾಂಕಿನಲ್ಲಿ ನೌಕರಿ ಮುಗಿಸಿದವರು ಈ ಪ್ರಶ್ನೆ ಕೇಳಬಾರದಿತ್ತು. ಸಾಲ ಬೇಡಿ ಬಂದವನ ಈ ವರ್ಷದ ಲಾಭವನ್ನಷ್ಟೇ ನೋಡಿ ಸಹಿ ಹಾಕುತ್ತಿದ್ದಿರೋ, ಹಳೆಯ ಖಾತೆಯನ್ನೂ ತಿರುವಿ ನೋಡುತ್ತಿದ್ದಿರೋ? ನಾವು ಆರು ಪುಟಗಳಲ್ಲಿ ಮಾಡಿದ್ದು ಆ ಕೆಲಸವನ್ನೇ. ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಖಾತೆಯನ್ನು ಯಾರೂ ತೆರೆಯುವುದೇ ಇಲ್ಲವೆಂಬುದು ನನ್ನ ಹಳೆಯ ಕೊರಗು.

ಯಾವುದೇ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ಕುಳಿತುಕೊಳ್ಳಿ. ಭಾಷಣಕಾರರು ಚಿತ್ತಾಪುರ ತಾಲ್ಲೂಕಿನ ನಾಗಾವಿಯಿಂದಲೇ ಶುರು ಮಾಡುತ್ತಾರೆ. ಹನ್ನೊಂದನೆಯ ಶತಮಾನದ ಘಟಿಕಾಸ್ಥಾನ ಎಂಬ ದೊಡ್ಡ ವಿದ್ಯಾಕೇಂದ್ರ, ವೇದಕ್ಕೆ ಬೇರೆ ಉಪಾಧ್ಯಾಯರು, ಶಾಸ್ತ್ರಕ್ಕೆ ಬೇರೆ, ಪುಸ್ತಕ ಕಾಯಲು ಆರು ಮಂದಿ ಸರಸ್ವತಿ ಭಂಡಾರಿಗರು. ನಿಜ, ಶಾಸನವೇ ಇದೆ. ಈಗಿನ ಎಷ್ಟು ಪ್ರೌಢಶಾಲೆಗಳಲ್ಲಿ ಒಬ್ಬ ಗ್ರಂಥಪಾಲಕನಾದರೂ ಇದ್ದಾನೆ ಎಂದು ಕೇಳಿದರೆ ಸಭೆ ಮೌನವಾಗುತ್ತದೆ, ಅದು ಬೇರೆ ಮಾತು. ಅಲ್ಲಿಂದ ಭಾಷಣ ನೇರವಾಗಿ ಬೀದರಿಗೆ ಹಾರುತ್ತದೆ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಅದರ ಮೂರು ಸಾವಿರ ಹಸ್ತಪ್ರತಿಗಳು, ನೀಲಿ ಹೆಂಚಿನ ಮಿನಾರು, ಆಮೇಲೆ ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಅರ್ಧ ಕಟ್ಟಡ ಕುಸಿದದ್ದು. ಇಷ್ಟಾಗುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಾರೆ. ನಾಗಾವಿಯಲ್ಲಾಗಲಿ ಗವಾನನ ಮದರಸಾದಲ್ಲಾಗಲಿ ಒಬ್ಬ ಹುಡುಗಿಗೂ ಚಾಪೆ ಹಾಸಿರಲಿಲ್ಲ ಎಂದು ಹೇಳಲು ಯಾರಿಗೂ ಸಮಯ ಉಳಿಯುವುದಿಲ್ಲ. ಕಲ್ಯಾಣದಲ್ಲಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದರೆಂದು ಎದೆ ತಟ್ಟಿಕೊಳ್ಳುವ ನಾವು, ಆ ನಂತರದ ಏಳೆಂಟು ನೂರು ವರ್ಷ ಅವರ ಮೊಮ್ಮಕ್ಕಳು ಎಲ್ಲಿ ಓದಿದರು ಎಂದು ಕೇಳಿಕೊಂಡದ್ದಿಲ್ಲ.

ಮೈಸೂರಿನ ಕಥೆ ಹಾಗಲ್ಲ. 1881ರಲ್ಲಿ ಅಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು, ಬೆನ್ನಿಗೆ ಅರಮನೆಯೇ ಇತ್ತು. ನಮ್ಮನ್ನು ಆಳಿದ ಹೈದರಾಬಾದಿನಲ್ಲೂ 1907ರಲ್ಲಿ ಮಹಬೂಬಿಯಾ ಹೆಣ್ಣುಮಕ್ಕಳ ಶಾಲೆ ಬಂತು, ದೊಡ್ಡ ಮನೆತನಗಳ ಹುಡುಗಿಯರಿಗಾಗಿ. ಅದರ ಬೆಳಕು ಗುಲ್ಬರ್ಗಾಕ್ಕೆ ಬರುವಷ್ಟರಲ್ಲಿ ಎಣ್ಣೆ ತೀರಿರುತ್ತಿತ್ತು. ಇಲ್ಲಿ ಸರ್ಕಾರಿ ಶಾಲೆಯೆಂದರೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಮೇಲಿನ ಓದೂ ಉರ್ದುವಿನಲ್ಲೇ. ಖಾಸಗಿಯಾಗಿ ಶಾಲೆ ತೆರೆಯಬೇಕೆಂದರೆ ಅಪ್ಪಣೆಗಾಗಿ ಕಾಯಬೇಕು. ಭಾಲ್ಕಿಯ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಹಲಗೆ ಹಾಕಿ ಒಳಗೆ ಕನ್ನಡ ಕಲಿಸಿದ್ದು ಇದೇ ಕಾರಣಕ್ಕೆ. ಇಂಥ ದಿನಗಳಲ್ಲಿ, 1934ರಲ್ಲಿ, ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ವಿದ್ಯಾಸಂಸ್ಥೆ ಕಟ್ಟಲು ಹೊರಟಾಗ ಮೊದಲು ತೆರೆದದ್ದು ಗಂಡುಮಕ್ಕಳ ಶಾಲೆಯನ್ನಲ್ಲ, ಮಹಾದೇವಿಯ ಹೆಸರಿನ ಹೆಣ್ಣುಮಕ್ಕಳ ಶಾಲೆಯನ್ನು. ಮುಂದೆ ಬಂದೇನವಾಜರ ದರ್ಗಾದ ಕಡೆಯಿಂದ ಬೀಬಿ ರಜಾ ಹೆಸರಿನಲ್ಲಿ ಹೆಣ್ಣುಮಕ್ಕಳ ಕಾಲೇಜು ಎದ್ದಿತು. ಅಪ್ಪನ ಗುಡಿ ಮತ್ತು ದರ್ಗಾ ಎರಡಕ್ಕೂ ನಡೆದುಕೊಳ್ಳುವ ಊರು ನಮ್ಮದೆಂದು ಹೇಳುವಾಗ ಜನ ಜಾತ್ರೆ ಮತ್ತು ಉರುಸನ್ನಷ್ಟೇ ನೆನೆಯುತ್ತಾರೆ. ನಾನು ಈ ಎರಡು ಗೇಟುಗಳನ್ನೂ ನೆನೆಯುತ್ತೇನೆ.

ಈಗ ನೀವು ಕೇಳಿದ ಶಾಲೆ. ಹೆಸರನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಲೇಖನಕ್ಕಾಗಿ ಅಲ್ಲಿಗೆ ಹೋದಾಗ ಮುಖ್ಯೋಪಾಧ್ಯಾಯಿನಿಯವರು ಕಬ್ಬಿಣದ ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆಸಿದರು. ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು, ಬಿಚ್ಚಿದಾಗ ಗೆದ್ದಲು ತಿಂದ ಹುಡಿ ಫರಶಿಯ ಮೇಲೆ ಉದುರಿತು. ಮೊದಲ ಪುಟಗಳೆಲ್ಲ ಉರ್ದುವಿನಲ್ಲಿವೆ, ಅದೂ ಶಿಕಸ್ತ ಎಂಬ ಮುರುಕು ಮೋಡಿ ಬರಹ. ತಾರೀಖುಗಳು ನಿಜಾಮರ ಸರ್ಕಾರ ಬಳಸುತ್ತಿದ್ದ ಫಸಲಿ ಪಂಚಾಂಗದಲ್ಲಿವೆ, ತಿಂಗಳುಗಳು ಅಜೂರ್, ದೈ, ಬಹಮನ್. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ನಮ್ಮ ಇಸವಿ ಸಿಗುತ್ತದೆ, ಜನವರಿ ದಾಟಿದ ತಿಂಗಳಾದರೆ ಇನ್ನೊಂದು ಕೂಡಿಸಬೇಕು. ಶುಲ್ಕ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ. ಹುಡುಗಿಯ ಹೆಸರು, ತಂದೆಯ ಹೆಸರು, ಕಸುಬು, ಮನೆ ಇರುವ ಓಣಿ. ಕೊನೆಯ ಅಂಕಣ, ಶಾಲೆ ಬಿಟ್ಟ ಕಾರಣ. ಆ ಅಂಕಣದಲ್ಲಿ ಪುಟದುದ್ದಕ್ಕೂ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಓದಿ ಹೇಳುತ್ತಿದ್ದ ಮೌಲ್ವಿಯವರು ನಾಲ್ಕನೆಯ ಸಲ ಆ ಪದವನ್ನು ಉಚ್ಚರಿಸಲಿಲ್ಲ, ಬೆರಳಿನಿಂದ ತೋರಿಸಿ ಮುಂದೆ ಹೋದರು. ಶಾದಿ.

ನನ್ನ ಸೋದರತ್ತೆಯೂ ಇಂಥದೇ ಒಂದು ಶಾಲೆಗೆ ಪರದೆ ಬಂಡಿಯಲ್ಲಿ ಹೋದವಳು. ಎರಡು ಎತ್ತು, ಒಳಗೆ ಎಂಟು ಹುಡುಗಿಯರು, ಹಿಂದೆ ಲಾಟೀನು ಇಡುವ ಜಾಗದಲ್ಲಿ ಒಬ್ಬ ಮುದುಕಿ ಆಯಾ. ಪರದೆಯ ತೂತಿನಿಂದ ಚೌಕವನ್ನು ನೋಡಲು ದಿನಕ್ಕೊಬ್ಬರ ಪಾಳಿ ಇತ್ತಂತೆ. 1948ರಲ್ಲಿ ರಜಾಕಾರರ ಹಾವಳಿ ಏರಿದಾಗ ಎಷ್ಟೋ ಮನೆಗಳವರಂತೆ ನಮ್ಮವರೂ ಗಂಟುಮೂಟೆ ಕಟ್ಟಿ ಸೊಲ್ಲಾಪುರಕ್ಕೆ ಹೋದರು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು ಎಲ್ಲ ತಿಳಿಯಾದ ಮೇಲೆ ಮರಳಿದಾಗ ಅವಳಿಗೆ ಹನ್ನೆರಡು ತುಂಬಿತ್ತು. ಮತ್ತೆ ನಾಲ್ಕನೆಯ ತರಗತಿಯಲ್ಲಿ ಕೂರಿಸಿದರೆ ನಗೆಪಾಟಲು ಎಂದು ಅಜ್ಜ ಬೇಡವೆಂದ. ಕೊನೆಯವರೆಗೂ ಅವಳು ಜೋಳ ಅಳೆಯುವಾಗ ಏಕ್, ದೋ ಎಂದೇ ಎಣಿಸುತ್ತಿದ್ದಳು. ಕನ್ನಡವನ್ನು ಪಂಚಾಂಗ ಮತ್ತು ಪತ್ರಿಕೆ ನೋಡಿ ತಾನೇ ಕಲಿತಳು. ಅವಳ ಮೂವರು ಹೆಣ್ಣುಮಕ್ಕಳೂ ಮೆಟ್ರಿಕ್ ಮುಗಿಸುವ ತನಕ ಅವಳ ಮನೆಯಲ್ಲಿ ಯಾವ ಗಂಡಿನ ಕಡೆಯವರೂ ಚಹಾ ಕುಡಿದು ಏಳಲಿಲ್ಲ; ಬಾಗಿಲಲ್ಲೇ ಮಾತನಾಡಿಸಿ ಕಳುಹಿಸಿಬಿಡುತ್ತಿದ್ದಳು. ನಿಮ್ಮ ಫಲಿತಾಂಶದ ಲೆಕ್ಕದಲ್ಲಿ ಅವಳು ಏನು? ಶಾಲೆ ಬಿಟ್ಟವಳು, ಅನುತ್ತೀರ್ಣಳಿಗಿಂತ ಒಂದು ಮೆಟ್ಟಿಲು ಕೆಳಗೆ.

ಫಲಿತಾಂಶದ ಹಲಗೆಯ ಬಗ್ಗೆ ನನಗಿರುವ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಮುದ್ರಣಾಲಯದಲ್ಲಿ ಕಾಗದ ಮಡಚುವ ಹೆಣ್ಣುಮಗಳೊಬ್ಬಳ ಮಗಳು ಒಂಬತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಹಿಂದೆ ಬಿದ್ದಳು. ನೂರಕ್ಕೆ ನೂರು ಎಂದು ಗೇಟಿನ ಮೇಲೆ ಬರೆಸಿಕೊಂಡಿದ್ದ ಆ ಶಾಲೆಯವರು ತಾಯಿಯನ್ನು ಕರೆಸಿ, ಟಿಸಿ ತೆಗೆದುಕೊಂಡು ಹೋಗಿ, ಬೇಕಾದರೆ ಹೊರಗಿನಿಂದ ಪರೀಕ್ಷೆ ಕಟ್ಟಿಸಿ ಎಂದರು. ತಾಯಿ ಹೆಬ್ಬೆಟ್ಟು ಒತ್ತಿ ಬಂದಳು. ಆ ವರ್ಷವೂ ಹಲಗೆಯಲ್ಲಿ ನೂರಕ್ಕೆ ನೂರೇ. ನೀವು ‘ಮಟ್ಟ’ ಎನ್ನುವುದು ಹೀಗೂ ಏರುತ್ತದೆ ಸ್ವಾಮಿ: ನೀರು ಹೆಚ್ಚಿ ಅಲ್ಲ, ಕೊಡವನ್ನು ಚಿಕ್ಕದು ಮಾಡಿ. ಆ ಹುಡುಗಿಯ ಹೆಸರನ್ನು ಕರೆದು ಹಚ್ಚಿಕೊಂಡದ್ದು, ನೀವು ಮಟ್ಟ ಬಿದ್ದಿದೆಯೇ ಎಂದು ಕೇಳಿದ ಇದೇ ಹಳೆಯ ಶಾಲೆ. ಎರಡನೆಯ ಪ್ರಯತ್ನದಲ್ಲಿ ಪಾಸಾದಳು. ಶಾಲೆಯ ಸರಾಸರಿಯನ್ನು ಒಂದಿಷ್ಟು ಕೆಳಗೆ ಎಳೆದೇ ಪಾಸಾದಳು.

ಶಾಲೆಗೆ ಈಗ ಬರುತ್ತಿರುವವರು ಯಾರು ಎಂದು ನೋಡದೆ ಶೇಕಡಾ ನೋಡಬೇಡಿ. ನಿಮ್ಮ ತಾಯಿಯ ಕಾಲದಲ್ಲಿ ವಕೀಲರ, ತಹಶೀಲ್ದಾರರ, ಸಾಹುಕಾರರ ಮಕ್ಕಳು ಅದೇ ಬೆಂಚಿನಲ್ಲಿದ್ದರು, ಬೇರೆ ಬೆಂಚೇ ಇರಲಿಲ್ಲ. ಆಮೇಲೆ ಕೈಲಾದವರು ಒಬ್ಬೊಬ್ಬರಾಗಿ ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ ಹತ್ತಿದರು. ನಾನೂ ನನ್ನ ಮಗಳನ್ನು ಹತ್ತಿಸಿದವನೇ, ಮುಚ್ಚಿಡುವುದೇಕೆ. ಉಳಿದದ್ದು ಹಮಾಲರ, ಮನೆಗೆಲಸದವರ, ಸುತ್ತಲಿನ ಹಳ್ಳಿಗಳಿಂದ ಬರುವವರ ಮಕ್ಕಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಗಳಿಂದಲೂ ಹುಡುಗಿಯರು ಬರುತ್ತಿದ್ದಾರೆ, ಟಿಕೆಟಿಗೆಂದು ಅಪ್ಪನ ಮುಂದೆ ಕೈ ಚಾಚುವ ಪ್ರಮೇಯ ತಪ್ಪಿತು. ಬಸ್ ಸಂಜೆ ಆರಕ್ಕೋ ಏಳಕ್ಕೋ ಎಂಬ ಚಿಂತೆ ಹಾಗೇ ಉಳಿಯಿತು. ಸಾಯಂಕಾಲದ ವಿಶೇಷ ತರಗತಿಗೆ ಅರ್ಧ ಹುಡುಗಿಯರು ನಿಲ್ಲದಿರುವುದಕ್ಕೆ ಇದು ಕಾರಣ, ಸೋಮಾರಿತನವಲ್ಲ. ಯಾದಗಿರಿ ಕಡೆ ಹೋದರೆ ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕವೇ ಬೆಳೆಯ ಲೆಕ್ಕ ಹೇಳುತ್ತದೆ: ಹುಡುಗಿಯರ ಸಾಲು ಖಾಲಿಯಾದಷ್ಟೂ ಹೊಲ ತುಂಬಿದೆ ಎಂದರ್ಥ. ದೀಪಾವಳಿ ಮುಗಿದ ಮೇಲೆ ಗುಳೆ ಹೋದವರ ಜೊತೆ ಪುಣೆ, ಮುಂಬೈ ಸೇರಿದವರು ಪರೀಕ್ಷೆಗೆ ಮರಳಿದರೆ ಅದೇ ದೊಡ್ಡದು.

2011ರ ಜನಗಣತಿ ನಿಮ್ಮ ಮುಂದೆ ಇಡುತ್ತೇನೆ, ಅಂಕಿ ಕೇಳಿದವರು ತಾನೇ. ಅಕ್ಷರ ಬಲ್ಲ ಹೆಣ್ಣುಮಕ್ಕಳು ರಾಜ್ಯದಲ್ಲಿ ಶೇಕಡಾ 68, ಬೀದರಿನಲ್ಲಿ 61ರ ಆಸುಪಾಸು, ಕಲಬುರಗಿಯಲ್ಲಿ 55, ಯಾದಗಿರಿಯಲ್ಲಿ 41. ಈ ನೂರರಲ್ಲಿ ಐವತ್ತೈದನ್ನು ಐವತ್ತಾರು ಮಾಡುವುದು ಯಾರು? 625ಕ್ಕೆ 620 ತೆಗೆಯುವವರನ್ನು ಪ್ರವೇಶ ಪರೀಕ್ಷೆಯಿಂದ ಆರಿಸಿಕೊಳ್ಳುವ ಶಾಲೆಯೋ, ಗೇಟಿಗೆ ಬಂದವಳನ್ನು ಒಳಗೆ ಕರೆಯುವ ಶಾಲೆಯೋ? ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿತು, ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಆಮೇಲೆ ಸಂವಿಧಾನದ 371 ಜೆ ವಿಧಿ ಬಂತು, ಶಿಕ್ಷಣ ಸಂಸ್ಥೆಗಳ ಸೀಟಿನಲ್ಲಿ ನಮ್ಮ ಮಕ್ಕಳಿಗೆ ಪಾಲು ಬಂತು. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹಲಗೆ ಬರೆಯುವವರಿಗೆ ಕೈತುಂಬ ಕೆಲಸ ಸಿಕ್ಕಿತು. ವೈದ್ಯಕೀಯ ಸೀಟಿನ ಮೀಸಲಾತಿಯನ್ನು ನಾನು ಹಳಿಯುತ್ತಿಲ್ಲ, ಬೇಕಾಗಿತ್ತು. ಆದರೆ ಹತ್ತನೆಯದನ್ನು ದಾಟದವಳಿಗೆ ಆ ಸೀಟು ಬೇರೆಯವರ ಮದುವೆಯ ಊಟ. ವಾಸನೆ ಬರುತ್ತದೆ, ಎಲೆ ಹಾಕುವುದಿಲ್ಲ. ಗಣಿತ, ಇಂಗ್ಲಿಷಿಗೆ ಕಾಯಂ ಶಿಕ್ಷಕರನ್ನು ಕೊಡದೆ ಅತಿಥಿಗಳ ಮೇಲೆ ವರ್ಷ ದೂಡಿ, ಮೇ ತಿಂಗಳಲ್ಲಿ ಮುಖ್ಯೋಪಾಧ್ಯಾಯರಿಗೆ ನೋಟಿಸು ಕೊಡುವುದು ಇಲ್ಲಿಯ ಪದ್ಧತಿ. ನಮ್ಮ ಪತ್ರಿಕೆಗಳೂ ಜಿಲ್ಲೆ ಕೊನೆಯದಾದ ದಿನ ದಪ್ಪ ಅಕ್ಷರ ಹೊಡೆದು, ಮರುದಿನ ತೊಗರಿ ಧಾರಣೆಗೆ ಮರಳುತ್ತವೆ. ನಾನೂ ಆ ಪೈಕಿಯೇ.

ಮೊಮ್ಮಗಳ ಮಾತಿಗೆ ಬರುತ್ತೇನೆ. ಫಲಿತಾಂಶ ನೋಡಿ, ಬೇಡವೆನ್ನುವುದಿಲ್ಲ. ಆದರೆ ಹೋದಲ್ಲೆಲ್ಲ ಇನ್ನೊಂದು ಅಂಕಿಯನ್ನೂ ಕೇಳಿ: ಎಂಟನೆಯ ತರಗತಿಗೆ ಹೆಸರು ಹಚ್ಚಿದವರು ಎಷ್ಟು, ಅವರಲ್ಲಿ ಇದೇ ಶಾಲೆಯಿಂದ ಹತ್ತನೆಯ ಪರೀಕ್ಷೆಗೆ ಕುಳಿತವರು ಎಷ್ಟು? ಎರಡು ಸಂಖ್ಯೆಗಳ ನಡುವೆ ಕಾಣೆಯಾದವರು ಎಲ್ಲಿ ಹೋದರೆಂದೂ ಕೇಳಿ. ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂದು ನಿಮ್ಮ ಸೊಸೆ ಹೋಗಿ ನೋಡಲಿ, ನೀವು ನೋಡಿದರೆ ಆಗದು. ನಿಮ್ಮ ತಾಯಿ ಓದಿದ ಶಾಲೆ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ. ಗಣಿತಕ್ಕೆ ಮನೆಯಲ್ಲಿ ನೀವಿದ್ದೀರಲ್ಲ, ಲೆಕ್ಕದವರು.

ಇನ್ನೊಂದು ಕೆಲಸವನ್ನು ನಿಮಗೇ ಹಚ್ಚುತ್ತೇನೆ, ಪತ್ರ ಬರೆದ ತಪ್ಪಿಗೆ. ಆ ದಾಖಲಾತಿ ಪುಸ್ತಕ ಇನ್ನು ಎರಡು ಮಳೆಗಾಲ ತಡೆಯಲಾರದು. ಮುಖ್ಯೋಪಾಧ್ಯಾಯಿನಿಯವರು ರಜೆಯ ಶನಿವಾರಗಳಂದು ಒಂದು ಕೋಣೆ ತೆರೆದುಕೊಡಲು ಒಪ್ಪಿದ್ದಾರೆ. ಶಿಕಸ್ತ ಓದಲು ಮೌಲ್ವಿಯವರು ಸಿದ್ಧ, ಆದರೆ ಅವರಿಗೆ ಕನ್ನಡ ಬರೆಯಲು ಬಾರದು. ಅವರು ಹೇಳಿದ್ದನ್ನು ಬರೆದುಕೊಳ್ಳಲು ಕೈಬರಹ ಚೆನ್ನಾಗಿರುವ ಒಬ್ಬರು ಬೇಕು, ಫಸಲಿಗೆ 590 ಕೂಡಿಸಲು ಇನ್ನೊಬ್ಬರು. ಎರಡನೆಯದಕ್ಕೆ ನಿಮ್ಮ ಹೆಸರನ್ನು ಹಚ್ಚಿದ್ದೇನೆ, ಮೊದಲನೆಯದಕ್ಕೆ ಮೊಮ್ಮಗಳನ್ನು ಕರೆತನ್ನಿ. ಬೆಳಿಗ್ಗೆ ಹತ್ತಕ್ಕೆ. ತಾಯಿಯವರ ತವರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಅದಿಲ್ಲದೆ ಹುಡುಕಲಾಗುವುದಿಲ್ಲ.