ಅಜ್ಜನ ತಲೆ ಮತ್ತು ಕತ್ತು: ನಿಮ್ಮ ಫೋಟೋ ನೋಡಿ ಬರೆದದ್ದು

ನಮಸ್ಕಾರ. ನೀವು ಮಣ್ಣಿನಲ್ಲಿ ಮಾಡುತ್ತಿರುವ ಅಜ್ಜನ ತಲೆಯ ನಾಲ್ಕೂ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮೂಗು, ಹುಬ್ಬು, ಕಣ್ಣಿನ ಸುತ್ತಲಿನ ಸುಕ್ಕು ತುಂಬಾ ಚೆನ್ನಾಗಿ ಬಂದಿವೆ. "ಮುಖ ಅಜ್ಜನದ್ದೇ, ಆದರೆ ಕಂಬದ ಮೇಲೆ ಕುಂಬಳಕಾಯಿ ಇಟ್ಟ ಹಾಗೆ ಕಾಣುತ್ತೆ, ಎಲ್ಲಿ ತಪ್ಪಿದೆ?" ಅಂತ ಕೇಳಿದ್ದೀರಿ. ತಪ್ಪಿರುವುದು ಕತ್ತಿನಲ್ಲಿ. ಮುಖವನ್ನು ಸದ್ಯಕ್ಕೆ ಮುಟ್ಟಬೇಡಿ.

ಮನೆಯಲ್ಲಿ ಗೌರಿ ಗಣೇಶ ಮಾಡಿ ಕೈ ಪಳಗಿದೆ ಅಂದಿರಿ. ಗಣಪತಿಗೆ ಕತ್ತು ಕಾಣುವುದೇ ಕಡಿಮೆ, ಸೊಂಡಿಲು, ಹಾರ ಎಲ್ಲ ಮುಚ್ಚಿಬಿಡುತ್ತವೆ. ಗೌರಿಯ ಕೊರಳು ಶಂಖದ ಹಾಗೆ ನುಣುಪು, ಮೇಲೆ ಮೂರು ಗೆರೆ. ದೇವರ ಮೂರ್ತಿಗೆ ಅದೇ ಚಂದ. ಆದರೆ ವಯಸ್ಸಾದ ಮನುಷ್ಯನ ಕತ್ತು ಮಾಡಲು ಒಳಗಿನ ಮೂಳೆ, ಸ್ನಾಯು ಗೊತ್ತಿರಲೇಬೇಕು.

ಮೊದಲು ಪಕ್ಕದಿಂದ ನೋಡಿ. ಕತ್ತು ನೆಟ್ಟಗೆ ನಿಂತಿರುವುದಿಲ್ಲ, ಮುಂದಕ್ಕೆ ಬಾಗಿರುತ್ತದೆ. ಎರಡೂ ತುದಿಯನ್ನು ಓರೆಯಾಗಿ ಕಡಿದ ಬಾಳೆದಿಂಡನ್ನು ನೆನೆಸಿಕೊಳ್ಳಿ. ಹಿಂದೆ ಅದು ಹೆಚ್ಚುಕಡಿಮೆ ಕಿವಿಯ ಕೆಳತುದಿಯ ಮಟ್ಟದಲ್ಲಿ ತಲೆಬುರುಡೆಗೆ ಸೇರುತ್ತದೆ, ಮುಂದೆ ಗದ್ದದ ಅಡಿಯಲ್ಲಿ. ಬುಡವೂ ಹಾಗೆಯೇ ಓರೆ. ಕತ್ತಿನಲ್ಲಿ 7 ಮೂಳೆಗಳಿವೆ, ಕೊನೆಯದು ತಲೆ ಬಗ್ಗಿಸಿದಾಗ ಹಿಂದೆ ಗುಬುಟಿಯಾಗಿ ಕೈಗೆ ಸಿಗುತ್ತದೆ. ಒಂದು ಬೆರಳನ್ನು ಆ ಗುಬುಟಿಯ ಮೇಲೆ, ಇನ್ನೊಂದನ್ನು ಮುಂದೆ ಗಂಟಲ ಗುಳಿಯಲ್ಲಿ ಇಟ್ಟು ಕನ್ನಡಿಯಲ್ಲಿ ನೋಡಿ. ಗುಳಿ ಎಷ್ಟು ಕೆಳಗಿದೆ ಅಲ್ವಾ? ನಿಮ್ಮ ಮಣ್ಣಿನಲ್ಲಿ ಎರಡೂ ಒಂದೇ ಮಟ್ಟಕ್ಕಿವೆ. ಕಂಬದ ಹಾಗೆ ಕಾಣುವುದಕ್ಕೆ ಮುಖ್ಯ ಕಾರಣ ಅದೇ.

ಇದಕ್ಕೆ ಕಾರಣ ಮಣ್ಣಿಗೆ ಆಧಾರವಾಗಿ ಒಳಗೆ ನಿಲ್ಲಿಸುವ ಪೈಪು. ಹಲಗೆಯ ಮೇಲೆ ಪೈಪು ನೆಟ್ಟಗೆ ನಿಂತಿರುತ್ತದೆ, ಅದರ ಸುತ್ತ ಒಂದೇ ಸಮ ಮಣ್ಣು ಸುತ್ತುತ್ತೇವೆ, ಕತ್ತೂ ಪೈಪಿನ ಹಾಗೇ ಆಗುತ್ತದೆ. ಪೈಪು ಅಲುಗಿಸದೆಯೂ ಇದನ್ನು ಸರಿ ಮಾಡಬಹುದು. ಗಂಟಲ ಗುಳಿಯ ಹತ್ತಿರ ಮಣ್ಣು ಕೆರೆದು ತೆಗೆಯಿರಿ, ಹಿಂದೆ ಬುಡದಲ್ಲಿ ಅಷ್ಟೇ ಮಣ್ಣು ಕೂಡಿಸಿ. ಗದ್ದದಿಂದ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ದಾರ ಗುಳಿಗಿಂತ ಸಾಕಷ್ಟು ಮುಂದೆ ಬೀಳಬೇಕು. ಮುಂದಿನ ಸಲ ಪೈಪನ್ನು ಕತ್ತಿನ ಬುಡಕ್ಕೇ ನಿಲ್ಲಿಸಿ, ಅಲ್ಲಿಂದ ದಪ್ಪ ಅಲ್ಯೂಮಿನಿಯಂ ತಂತಿಯನ್ನು ಮುಂದಕ್ಕೆ ಬಗ್ಗಿಸಿ ತಲೆಗೆ ತನ್ನಿ. ತಲೆಯೊಳಗೆ ಸಣ್ಣ ಮರದ ತುಂಡುಗಳನ್ನು ಅಡ್ಡ ಕಟ್ಟಿ ನೇತುಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ತಲೆ ಕುಸಿದು ಕತ್ತು ಗಿಡ್ಡವಾಗಿರುತ್ತದೆ. ನನ್ನ ಮೊದಲ ತಲೆ ಹಾಗೇ ಹಾಳಾಯಿತು.

ಇನ್ನು ಸ್ನಾಯು. ಒಂದನ್ನು ಸರಿಯಾಗಿ ಹಿಡಿದರೆ ಅರ್ಧ ಕೆಲಸ ಮುಗಿಯಿತು: ಸ್ಟರ್ನೋಮ್ಯಾಸ್ಟಾಯ್ಡ್. ಕಿವಿಯ ಹಿಂದಿನ ಗಟ್ಟಿ ಗುಬುಟಿಯಿಂದ ಹೊರಟು ಓರೆಯಾಗಿ ಇಳಿದು ಗಂಟಲ ಗುಳಿಯ ಪಕ್ಕಕ್ಕೆ ಬರುತ್ತದೆ. ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಹಗ್ಗದ ಹಾಗೆ ಎದೆಮೂಳೆಗೆ, ಇನ್ನೊಂದು ಚಪ್ಪಟೆಯಾಗಿ ಕೊರಳೆಲುಬಿಗೆ. ನಡುವೆ ಸಣ್ಣ ತಗ್ಗು.

ನಾನು ಇದನ್ನು ಕಲಿತದ್ದು ಅಪ್ಪನನ್ನು ನೋಡಿ. ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅಮ್ಮ ಒಳಗಿನಿಂದ ಏನೋ ಕೇಳಿದರು. ಅಪ್ಪ ಬಲಕ್ಕೆ ತಿರುಗಿ ಉತ್ತರ ಕೊಟ್ಟರು. ತಕ್ಷಣ ಎಡಗಡೆ, ಕಿವಿಯ ಹಿಂದಿನಿಂದ ಗುಳಿಯವರೆಗೆ, ಹುರಿ ಎಳೆದ ಹಾಗೆ ಸ್ನಾಯು ಎದ್ದು ನಿಂತಿತು. ಬಲಗಡೆ ಮೆತ್ತಗಾಗಿ ಚರ್ಮ ಮಡಿಚಿಕೊಂಡಿತು. ಭುಜ, ಗುಳಿ ಇದ್ದಲ್ಲೇ ಇದ್ದವು. ತಲೆ ಯಾವ ಕಡೆ ತಿರುಗುತ್ತದೋ ಅದರ ಎದುರು ಕಡೆಯ ಸ್ನಾಯು ಎದ್ದು ಕಾಣುತ್ತದೆ. ಫ್ಲಾರೆನ್ಸ್‌ನಲ್ಲಿರುವ ಮೈಕೆಲೆಂಜೆಲೊನ ಡೇವಿಡ್ ಶಿಲ್ಪದ ಫೋಟೋ ತೆಗೆದು ನೋಡಿ. 1501ರಿಂದ 1504ರವರೆಗೆ ಕಡೆದದ್ದು. ಅವನು ತನ್ನ ಎಡಕ್ಕೆ ನೋಡುತ್ತಾನೆ, ಬಲಗತ್ತಿನ ಸ್ನಾಯು ಎಷ್ಟು ಬಿಗಿಯಾಗಿ ಎದ್ದಿದೆ ನೋಡಿ. ನೀವು ಅಜ್ಜನ ತಲೆಯನ್ನು ಸ್ವಲ್ಪ ತಿರುಗಿಸಿದ್ದೀರಿ, ಆದರೆ ಎರಡೂ ಕಡೆ ಒಂದೇ ಥರ ಮಾಡಿದ್ದೀರಿ.

ವಯಸ್ಸಾದವರಲ್ಲಿ ಇನ್ನೊಂದು ಗೊಂದಲ ಜಾಸ್ತಿ. ಗದ್ದದ ಅಡಿಯಿಂದ ಕೆಳಕ್ಕೆ ಎರಡು ಸಡಿಲ ಪಟ್ಟಿಗಳು ನೇತಾಡುತ್ತವೆ. ಅದು ಚರ್ಮದ ಕೆಳಗಿನ ತೆಳು ಸ್ನಾಯು, ಕಿವಿಯ ಹಿಂದಿನಿಂದ ಬರುವುದಲ್ಲ. ಎರಡನ್ನೂ ಬೆರೆಸಬೇಡಿ. ಪಟ್ಟಿಯನ್ನು ಕೊನೆಗೆ ತೆಳುವಾಗಿ ಮೇಲೆ ಇಡಿ. ಕೊರಳೆಲುಬಿನ ಮೇಲಿನ ತಗ್ಗನ್ನು ಮಾತ್ರ ಧೈರ್ಯವಾಗಿ ಆಳ ಮಾಡಿ, ಬಡಕಲು ಅಜ್ಜನಿಗೆ ಅದು ಬೇಕೇ ಬೇಕು.

ತಲೆಯ ಬಗ್ಗೆ ಎರಡೇ ಮಾತು. ಹಿಂಭಾಗಕ್ಕೆ ಮಣ್ಣು ಸಾಲದು. ಹಣೆಯಿಂದ ಹಿಂದಲೆಗೆ ಇರುವ ಅಳತೆ ತಲೆಯ ಎತ್ತರಕ್ಕಿಂತ ಸ್ವಲ್ಪವೇ ಕಡಿಮೆ, ಕ್ಯಾಲಿಪರ್ (ಎರಡು ಕಾಲಿನ ಅಳತೆ ಸಾಧನ) ಹಿಡಿದು ನೋಡಿ. ಕಿವಿ ಪಕ್ಕದ ನೋಟದಲ್ಲಿ ನಡುಗೆರೆಯಿಂದ ಹಿಂದಕ್ಕಿರಬೇಕು, ನಿಮ್ಮದು ಮುಂದೆ ಬಂದಿದೆ. ಕಿವಿ ಜರುಗಿಸದೆ ಸ್ನಾಯು ಹಾಕಲು ಹೋಗಬೇಡಿ, ಅದು ಹೊರಡುವ ಜಾಗವೇ ತಪ್ಪಿಹೋಗುತ್ತದೆ.

ಮಣ್ಣು ಇನ್ನೂ ಮೆತ್ತಗಿದೆ ಅಂತ ಕಾಣುತ್ತದೆ. ಇವತ್ತು ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿಡಿ. ನಾಳೆ ಕಿವಿ, ಗುಳಿ, ಹಿಂದಿನ ಗುಬುಟಿ ಮೂರನ್ನೇ ಸರಿ ಮಾಡಿ ಎರಡೂ ಪಕ್ಕದಿಂದ ಫೋಟೋ ಹಾಕಿ. ಕ್ಯಾಮೆರಾ ಅಜ್ಜನ ಕಿವಿಯ ಮಟ್ಟಕ್ಕೇ ಇರಲಿ, ಮೇಲಿನಿಂದ ತೆಗೆದರೆ ಕತ್ತಿನ ಓರೆ ಗೊತ್ತಾಗುವುದಿಲ್ಲ.